ಡಾಂಬರು ಬಳಿದ ಹರಿಗೋಲು

“ಗುರುಗಳೇ, ತಲೆಯನ್ನು ಸರಿ ಮಾಡಿದ ಮದ್ದೇ ಮೈಯನ್ನು ಕೆಡಿಸುತ್ತಿದ್ದರೆ ಅದನ್ನು ಬಿಟ್ಟುಬಿಡಬಹುದೇ?”

ಕೇಳಿದವಳು ನೀಲಾಂಬಿಕೆ, ಮಠದ ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸುವವಳು. ಹಿಂದೊಮ್ಮೆ ಅವಳಿಗೆ ಯಾರೂ ಇಲ್ಲದ ಕಡೆ ದನಿಗಳು ಕೇಳಿಸುತ್ತಿದ್ದವು. ಆ ದನಿಗಳ ಮಾತು ನಂಬಿ, ತಾಯಿ ಬಡಿಸಿದ ಅನ್ನದಲ್ಲಿ ವಿಷವಿದೆಯೆಂದು ತಟ್ಟೆ ದೂಡಿದ್ದಳು. ಪಟ್ಟಣದ ಡಾಕ್ಟರಮ್ಮ ಕೊಟ್ಟ ಗುಳಿಗೆಗಳಿಂದ ದನಿಗಳು ಅಡಗಿದವು, ಅವಳು ಮತ್ತೆ ಶಾಲೆಗೆ ಬಂದಳು. ಆದರೆ ಗುಳಿಗೆಯ ಬೆನ್ನಿಗೇ ಹಸಿವೂ ಬಂತು. ಉಂಡ ಕೈ ಒಣಗುವ ಮೊದಲೇ ಮತ್ತೆ ಹಸಿವು. ಕುಪ್ಪಸದ ಹೊಲಿಗೆ ಬಿಚ್ಚಿ ಬಿಚ್ಚಿ ಇನ್ನು ಬಿಚ್ಚಲು ಬಟ್ಟೆಯೇ ಉಳಿದಿರಲಿಲ್ಲ. “ಯಾವ ಅಂಗಡಿ ಅಕ್ಕಿ ಉಣ್ತೀಯವ್ವಾ?” ಎಂದು ನೆಂಟರು ನಗುತ್ತಿದ್ದರು. ನಗುವವರಿಗೇನು, ಹಸಿವು ಅವರದಲ್ಲವಲ್ಲ.

ಗುರುಗಳು ಬಿಡು ಎನ್ನಲಿಲ್ಲ, ಬಿಡಬೇಡ ಎನ್ನಲಿಲ್ಲ. ಕತೆ ಹೇಳಿದರು.

ಒಂದು ಹೊಳೆಯ ದಂಡೆಯಲ್ಲಿ ಒಬ್ಬ ಅಂಬಿಗನಿದ್ದ. ಅವನದು ಬಿದಿರು ಹೆಣೆದು ತೊಗಲು ಹೊದಿಸಿದ ಹರಿಗೋಲು, ಬುಟ್ಟಿಯಂತೆ ದುಂಡಗಿನದು. ಆ ಊರಿನ ಅಂಬಿಗರು ಸಂಜೆಯಾದರೆ ಹರಿಗೋಲನ್ನು ಹೊಳೆಯಲ್ಲಿ ಬಿಡುವುದಿಲ್ಲ. ಮರಳಿನ ಮೇಲೆ ಎಳೆದು ತಂದು, ತಲೆಯ ಮೇಲೆ ಕವುಚಿಕೊಂಡು ಮನೆಗೆ ಹೊರುತ್ತಾರೆ. ಬೆನ್ನು ಬಾಗದಂತೆ ಹೊತ್ತು ನಡೆಯುವುದು ಅವರಿಗೆ ಮೀಸೆಯ ಪ್ರಶ್ನೆ.

ಒಂದು ವರ್ಷ ತೊಗಲು ಹಳತಾಗಿ ನೀರು ಒಳಗೆ ನುಗ್ಗಿತು. ಅಂಬಿಗ ಜೀವ ಕೈಯಲ್ಲಿ ಹಿಡಿದು ದಡ ಸೇರಿದ. ಡಾಂಬರು ಬಳಿಯುವ ಮುದುಕನೊಬ್ಬ ಆ ಊರಲ್ಲಿದ್ದ. ಅವನು ಡಾಂಬರು ಕಾಯಿಸಿ ತಳಕ್ಕೆಲ್ಲ ಬಳಿದುಕೊಟ್ಟ. ಆಮೇಲೆ ಒಂದು ಹನಿಯೂ ಒಳಗೆ ಬರಲಿಲ್ಲ. ಅಂಬಿಗನ ಹೆಂಡತಿ ಅದೇ ಹರಿಗೋಲಿನಲ್ಲಿ ಧೈರ್ಯವಾಗಿ ತೌರಿಗೆ ಹೋಗಿ ಬಂದಳು.

ಆದರೆ ಹರಿಗೋಲು ಭಾರವಾಯಿತು. ದಿನ ಕಳೆದಂತೆ ಇನ್ನೂ ಭಾರವಾಯಿತು. ಅಂಬಿಗನ ಬೆನ್ನು ಬಾಗಿತು. ಬಟ್ಟೆ ಒಗೆಯುವ ಹೆಂಗಸರು ಸುಮ್ಮನಿದ್ದಾರೆಯೇ? “ಏನಪಾ ಅಂಬಿಗಾ, ನಿನ್ನ ಹರಿಗೋಲು ಬಸುರಾಗೇತೇನು? ಹೆರಿಗಿ ಯಾವಾಗ?” ಎಂದರು. ಅವನು ಮೇಲೆ ನಕ್ಕ, ಒಳಗೆ ಬೆಂದ. ಮುಳುಗುವ ಭಯ ಬಟ್ಟೆ ಒಣಗಿದ ಮೇಲೆ ಮರೆತುಹೋಗುತ್ತದೆ, ಜನ ಆಡಿಕೊಂಡ ಮಾತು ಮರೆಯುವುದಿಲ್ಲ.

ಒಂದು ದಿನ ಅವನು ಕುಡುಗೋಲು ತೆಗೆದುಕೊಂಡು ಯಾರಿಗೂ ಹೇಳದೆ ಡಾಂಬರನ್ನು ಸ್ವಲ್ಪ ಕೆರೆದ. ಹರಿಗೋಲು ಹಗುರವಾಯಿತು, ನೀರೂ ಬರಲಿಲ್ಲ. ಮತ್ತಷ್ಟು ಕೆರೆದ. ಆಗಲೂ ಬರಲಿಲ್ಲ. ತೊಗಲಿನೊಳಗೆ ಇಂಗಿದ್ದ ಡಾಂಬರು ಇನ್ನೂ ನೀರನ್ನು ತಡೆದಿತ್ತು. ಅಂಬಿಗ ಮಾತ್ರ ತೊಗಲು ತಾನಾಗಿಯೇ ಗಟ್ಟಿಯಾಗಿದೆ ಎಂದುಕೊಂಡ. ಡಾಂಬರಿಗೆ ದುಡಿಮೆ, ತೊಗಲಿಗೆ ಹೆಸರು!

ಹೆಂಡತಿ ಕೂಸನ್ನು ಎತ್ತಿಕೊಂಡು ತೌರಿಗೆ ಹೊರಟ ದಿನ, ನಡುಹೊಳೆಯಲ್ಲಿ ತಳ ಬಿಟ್ಟಿತು. ಅಂಬಿಗ ರುಮಾಲು ಬಿಚ್ಚಿ ತೂತಿಗೆ ತುರುಕಿದ. ಹೆಂಡತಿ ತೌರಿಗೆಂದು ಒಯ್ಯುತ್ತಿದ್ದ ಮೊಸರನ್ನು ಹೊಳೆಗೆ ಚೆಲ್ಲಿ, ಅದೇ ಗಡಿಗೆಯಿಂದ ನೀರು ಮೊಗೆದು ಹಾಕಿದಳು. ಹೇಗೋ ದಡ ಮುಟ್ಟಿದರು. ಅವಳು ಕೂಸನ್ನು ಎದೆಗವಚಿಕೊಂಡು, ಹರಿಗೋಲಿನ ಕಡೆ ತಿರುಗಿಯೂ ನೋಡದೆ ನಡೆದುಹೋದಳು. ಅಂಬಿಗನಿಗೆ ಹೊಳೆಯ ನೀರಿಗಿಂತ ಅದೇ ಹೆಚ್ಚು ಕೊರೆಯಿತು.

ಬೈಗುಳಕ್ಕೆ ಸಿದ್ಧನಾಗಿಯೇ ಅವನು ಮುದುಕನ ಹತ್ತಿರ ಹೋದ. ಮುದುಕ ಹರಿಗೋಲನ್ನು ಮಗುಚಿದ. ತಳದಲ್ಲಿ ಉಳಿದಿದ್ದ ಡಾಂಬರಿನ ಒಂದು ಹಕ್ಕಳೆಯನ್ನು ಕಿತ್ತು ಮುರಿದು ತೋರಿಸಿದ. ಒಳಗೆಲ್ಲ ಮರಳು, ಗರಸು, ಶಂಖದ ಹುಳದ ಚಿಪ್ಪು.

“ಇದ್ರಾಗ ನನ್ನ ಡಾಂಬರು ಎಷ್ಟು, ಹೊಳಿದಂಡಿ ಎಷ್ಟು, ನೀನೇ ನೋಡು.”

“ನಾ ಮೊದಲು ಹೆಂಗ ಎಳಕೊಂಡು ಹೋಗತಿದ್ದೆ, ಈಗೂ ಹಂಗಽ ಎಳಕೊಂಡು ಹೋಗತೀನಿ, ಅಜ್ಜಾ.”

“ತೊಗಲಿಗೆ ಮರಳು ಹತ್ತತಿರಲಿಲ್ಲ, ಡಾಂಬರಿಗೆ ಹತ್ತತೈತಿ. ಸಿಕ್ಕಿದ್ದೆಲ್ಲಾ ಅಂಟಿಸಿಕೊಳ್ಳೂದು ಅದರ ಗುಣ, ಅದು ನಿನ್ನ ತಪ್ಪಲ್ಲ. ಬಳಿದ ದಿನಾನಽ ನಾ ಹೇಳಬೇಕಿತ್ತು. ಆದ್ರ ಭಾರ ಆತು ಅಂದ್ರ ನೀನೂ ನನ್ನ ಹತ್ರ ಬರಬೇಕಿತ್ತು, ಕುಡುಗೋಲು ಹಿಡೀಬಾರದಿತ್ತು. ತೆಳ್ಳಗ ಬಳಿಯೂದೂ ನನಗ ಗೊತ್ತೈತಿ, ಬ್ಯಾರೆ ರಾಳ ಬೆರೆಸೂದೂ ಗೊತ್ತೈತಿ.”

ಮುದುಕ ರಾಳ ಬೆರೆಸಿ ಹೊಸದಾಗಿ ಬಳಿದುಕೊಟ್ಟ. ಅಂಬಿಗ ಮರಳಿಗೆ ಹತ್ತಿಸುವುದನ್ನು ಬಿಟ್ಟು, ಹೊಳೆಯ ಮೇಲ್ಗಡೆ ಇದ್ದ ಬಂಡೆಯ ದಡಕ್ಕೆ ಹರಿಗೋಲು ಹಚ್ಚತೊಡಗಿದ. ಅಲ್ಲಿಯೇ ತಳ ತೊಳೆದು, ನೆರಳಲ್ಲಿ ಆರಿಸಿ, ತಲೆಗೇರಿಸುತ್ತಿದ್ದ. ಬಂಡೆಯಿಂದ ಮನೆಗೆ ದಾರಿ ದೂರ. ನಡೆದ. ಒಮ್ಮೊಮ್ಮೆ ದಣಿದು ಮರಳಿಗೇ ಎಳೆದದ್ದೂ ಉಂಟು. ಹಾಗಾದರೆ ಹಾಳಾಗಿಹೋಯಿತು ಎಂದು ಕೈಚೆಲ್ಲಿ ಕೂರಲಿಲ್ಲ, ಮರುದಿನ ತೊಳೆದು ಮತ್ತೆ ಬಂಡೆಗೆ ಹೋದ. ಹೆಂಗಸರು ನಗುವುದನ್ನು ಬಿಡಲಿಲ್ಲ. ಒಗೆಯುವ ಕಲ್ಲು ಇರುವತನಕ ಆ ನಗೆ ಇದ್ದದ್ದೇ. ಸುಗ್ಗಿ ಮುಗಿದ ಮೇಲೆ ಹೆಂಡತಿ ಕೂಸಿನೊಡನೆ ಬಂದು, ಹರಿಗೋಲಿನಲ್ಲಿ ಕುಳಿತಳು.

ಕತೆ ಅಲ್ಲಿಗೆ ನಿಂತಿತು. ನೀಲಾಂಬಿಕೆ ಕೇಳಿದಳು: “ಹರಿಗೋಲು ಮೊದಲಿನಷ್ಟು ಹಗುರವಾಯಿತೇ?”

“ಮೊದಲಿನಷ್ಟು ಆಗಲಿಲ್ಲ. ಹೊತ್ತು ನಡೆಯುವಷ್ಟು ಆಯಿತು.”

ಅವಳ ಮುಖ ಗೆಲುವಾಯಿತು. ಎಷ್ಟೋ ದಿನದ ಮೇಲೆ ಅವಳಿಗೆ ತನ್ನ ಮೈ ತನ್ನ ಶತ್ರುವಲ್ಲ ಎನ್ನಿಸಿತು. “ನನ್ನ ಮರಳಿನ ದಂಡೆ ಎಲ್ಲಿದೆಯೆಂದು ಗೊತ್ತಾಯಿತು, ಗುರುಗಳೇ. ಶೇಂಗಾ ಬೆಲ್ಲದ ಡಬ್ಬಿ ಹಾಸಿಗೆಯ ಪಕ್ಕದಲ್ಲೇ ಇದೆ. ಇವತ್ತೇ ಅದನ್ನು ಅಟ್ಟಕ್ಕೇರಿಸುತ್ತೇನೆ. ಶಾಲೆಗೆ ಕೆರೆಯ ಏರಿಯ ಮೇಲೆ ಸುತ್ತಿಕೊಂಡು ನಡೆದು ಬರುತ್ತೇನೆ. ನಾಳೆ ಡಾಕ್ಟರಮ್ಮನ ಹತ್ತಿರ ಹೋಗಿ, ಭಾರವಾಯಿತು, ಬೇರೆ ದಾರಿ ತೋರಿಸಿ ಎಂದು ಕೇಳುತ್ತೇನೆ.”

ಅವಳು ನಮಸ್ಕರಿಸಿ ಎದ್ದು ಬಾಗಿಲವರೆಗೆ ಹೋದಳು. ಹಿಂದಿನಿಂದ ಬಂದ ಗುರುಗಳ ಮಾತಿಗೆ ಅಲ್ಲಿಯೇ ನಿಂತಳು, ಕೈ ಸೆರಗಿನಲ್ಲಿ ಗಂಟು ಕಟ್ಟಿದ್ದ ಅರ್ಧ ಗುಳಿಗೆಗಳ ಮೇಲೆ ಹೋಯಿತು.

“ಹೋಗು ತಾಯಿ, ಯಾವತ್ತಿನಿಂದ ಕೆರೆಯುತ್ತಿದ್ದೀಯೆ ಎನ್ನುವುದನ್ನೂ ಅವರಿಗೆ ಹೇಳು.”