ದೊರೆಯ ಎಂಜಲು ಬೆರಳು

ಇಬ್ಬನಿಕೋಟೆಯ ದೊರೆ ಪ್ರಚಂಡರಾಯನಿಗೆ ಬೆಳಿಗ್ಗೆ ಎದ್ದ ಕೂಡಲೇ ಒಂದು ಅಭ್ಯಾಸ. ಹಾಸಿಗೆಯಲ್ಲೇ ಕೂತು ಬಿಸಿ ಹಾಲು ಕುಡಿದು, ತೋರುಬೆರಳನ್ನು ಬುಡದ ತನಕ ಬಾಯಿಗೆ ಹಾಕಿ ಚೀಪಿ, ಅದನ್ನು ಕಿಟಕಿಯಿಂದ ಆಚೆ ಚಾಚುತ್ತಿದ್ದ. ಕಿಟಕಿಯ ಕೆಳಗೇ ಕೆಂಡದ ಅಗ್ಗಿಷ್ಟಿಕೆ. ಮೂರು ಎಣಿಸುವಷ್ಟರಲ್ಲಿ ಬೆರಳು ಒಳಗೆ. “ಚಳಿ ಇಲ್ಲ, ಹೊರಡಲಿ” ಎಂದು ಹೇಳಿ ಎಂಜಲನ್ನು ಪಕ್ಕದಲ್ಲಿ ನಿಂತವರ ತೋಳಿಗೆ ಒರೆಸುತ್ತಿದ್ದ. ಒರೆಸಿಕೊಂಡವರು ನಗಬೇಕಿತ್ತು. ನಗುತ್ತಿದ್ದರು ಕೂಡ.

ಹೊರಡಬೇಕಾದವರು ಸೈಕಲ್ ಸವಾರರು. ಕೋಟೆಯಿಂದ ಒಂದು ಏರು ಹತ್ತಿ, ಆಮೇಲೆ ಘಾಟಿ ಇಳಿದು, ಕಣಿವೆಯ ಹಟ್ಟಿಯಿಂದ ದೊರೆಯ ತಿಂಡಿಗೆ ಹೊಸ ಬೆಣ್ಣೆ ತರುವುದು ಅವರ ಕೆಲಸ. ಆ ಮಾಗಿಯಲ್ಲಿ ಇಬ್ಬರು ಸವಾರರು ತಿರುವಿನಲ್ಲಿ ಬ್ರೇಕ್ ಹಿಡಿಯಲಾಗದೆ ಪ್ರಪಾತಕ್ಕೆ ಬಿದ್ದರು. ಬೆಣ್ಣೆ ತರುವ ಬೆಳ್ಳಿಯ ತಂಬಿಗೆ ಹೋಯಿತಲ್ಲ ಎಂದು ದೊರೆ ಇಡೀ ದಿನ ಮುಖ ಊದಿಸಿಕೊಂಡಿದ್ದ.

ಊರು ಗೊಣಗಿತು. ಗೊಣಗುವ ಬಾಯಿ ಮುಚ್ಚಿಸಲು ದೊರೆ ಡಂಗುರ ಹೊಡೆಸಿದ.

“ಕೇಳ್ರಪ್ಪೋ ಕೇಳಿ! ಸ್ವರ್ಗಸ್ಥರಾದ ದೊಡ್ಡ ದೊರೆಗಳು ತಾವೇ ಸೈಕಲ್ ತುಳಿದವರು. ಮೂರು ಒಗಟು ಬರೆದು, ಉತ್ತರಗಳಿಗೆ ಅರಗಿನ ಮುದ್ರೆ ಒತ್ತಿ ಹೋಗಿದ್ದಾರೆ. ಮೂರನ್ನೂ ಬಿಡಿಸಿದವರದೇ ಇನ್ನು ಮೇಲೆ ಮಾತು. ಸೈಕಲ್ ಹತ್ತಲು ಚಳಿ ಹೆಚ್ಚಾಯಿತೋ ಇಲ್ಲವೋ ಅವರೇ ಹೇಳಬಹುದು, ದೊರೆಯೂ ಎದುರಾಡುವಂತಿಲ್ಲ. ತಪ್ಪು ಹೇಳಿದವರು ಕಂಬಳಿಯಿಲ್ಲದೆ, ಬ್ರೇಕಿಲ್ಲದ ಸೈಕಲ್ಲಿನಲ್ಲಿ ಘಾಟಿ ಇಳಿಯಬೇಕು!”

ಬ್ರೇಕಿಲ್ಲದೆ ಆ ಘಾಟಿ ಇಳಿದು ಬದುಕಿದವರಿಲ್ಲ. ಆದರೂ ಮರುದಿನ ಬೆಳಗಿನ ಸಭೆಗೆ ಮೂವರು ಬಂದರು. ಆಸ್ಥಾನ ಪಂಡಿತ ತ್ರಿಯಂಬಕಾಚಾರ್ಯ, ಜವಳಿ ಸಾಹುಕಾರ ಗುರುಬಸಪ್ಪ, ಇಬ್ಬರ ಹಿಂದೆ ಕೈಗೆಲ್ಲ ಗ್ರೀಸು ಮೆತ್ತಿಕೊಂಡ ಚೌಡಿ. ಕೋಟೆ ಬಾಗಿಲಲ್ಲಿ ಸೈಕಲ್‌ಗಳಿಗೆ ಗಾಳಿ ತುಂಬುವವಳು. ಆ ದಿನ ಬೆಣ್ಣೆಗೆ ಹೊರಡಬೇಕಾಗಿದ್ದವನು ಅವಳ ಅಣ್ಣ ಕಾಳಿಂಗ.

“ಬ್ಯಾಡ ಕಣೇ, ಬಾ ಇತ್ಲಾಗೆ” ಎಂದು ಕಾಳಿಂಗ ಬಾಗಿಲಿನಿಂದಲೇ ಕರೆದ.

“ನೀನು ಸುಮ್ಕಿರು. ಕೈ ಕಂಕುಳಲ್ಲಿ ಇಟ್ಕೊ” ಎಂದಳು ಚೌಡಿ.

ದೊರೆ ಮೊದಲ ಒಗಟು ಓದಿದ. “ಬಾಗಿಲಲ್ಲಿ ನಿಂತಾಗ ಅವನಿಲ್ಲ. ಹೊರಟರೆ ಎದುರಿಗೆ ಬಂದು ಹೊಡೆಯುತ್ತಾನೆ. ನೀನು ಎಷ್ಟು ಜೋರೋ ಅವನ ಹೊಡೆತವೂ ಅಷ್ಟೇ ಜೋರು. ನೀನು ನಿಂತರೆ ಸಾಯುತ್ತಾನೆ. ಯಾರವನು?”

“ಶನಿ, ಮಹಾಪ್ರಭು” ಎಂದ ಪಂಡಿತ, ಕಣ್ಣು ಮುಚ್ಚಿಕೊಂಡು.

ದೊರೆ ಮುದ್ರೆ ಒಡೆದು ಒಳಗೊಳಗೇ ಓದಿಕೊಂಡ. “ತಪ್ಪು.”

“ದಾರಿಗಳ್ಳ, ಬುದ್ಧಿ! ನನ್ನನ್ನೇ ಎರಡು ಸಲ ದೋಚಿದ್ದಾನೆ” ಎಂದ ಸಾಹುಕಾರ.

ದೊರೆಗೆ ನಗು ತಡೆಯಲಿಲ್ಲ. ಕುಡಿಯುತ್ತಿದ್ದ ಹಾಲು ಮೂಗಿನಿಂದ ಬಂತು. ಅದನ್ನು ಪಂಡಿತನ ಶಾಲಿಗೆ ಸೀಟಿ, “ಇಬ್ಬರನ್ನೂ ಬಾಗಿಲಿಗೆ ಎಳೆಯಿರಿ” ಎಂದ. ಸಾಯಲು ಹೊರಟ ಪಂಡಿತ, ಒದ್ದೆ ಶಾಲು ಮುಟ್ಟಿ ನೋಡಿಕೊಂಡು, ಅಭ್ಯಾಸಬಲದಿಂದ ಹಲ್ಲು ಕಿರಿದ.

“ನೀನೇನಂತೀಯೇ, ಗಾಳಿಯವಳೇ?” ಎಂದು ದೊರೆ ಚೌಡಿಯತ್ತ ತಿರುಗಿದ.

“ಉತ್ತರಾನೂ ಗಾಳೀನೇ, ಬುದ್ಧಿ. ಬೀಸೋ ಗಾಳಿಯಲ್ಲ, ಸವಾರ ತುಳಿಯುವಾಗ ತಾನೇ ಹುಟ್ಟಿಸಿಕೊಳ್ಳೋದು. ನಿಂತವರಿಗೆ ಅದು ಗೊತ್ತಾಗಲ್ಲ.”

ದೊರೆಯ ನಗು ನಿಂತಿತು. ಎರಡನೆಯದನ್ನು ಗಡಸು ದನಿಯಲ್ಲಿ ಓದಿದ. “ಏರಿನಲ್ಲಿ ಹುಟ್ಟುತ್ತಾನೆ, ಬೆನ್ನಿಗಂಟಿ ಕೂರುತ್ತಾನೆ. ಏರುವಾಗ ತೊಂದರೆ ಕೊಡುವುದಿಲ್ಲ. ಇಳಿಯುವಾಗ ಅದೇ ಬೆನ್ನಿಗೆ ಚಾಕು ಹಾಕುತ್ತಾನೆ.”

“ಬೆವರು” ಎಂದಳು ಚೌಡಿ. “ಹತ್ತುವಾಗ ಅಂಗಿ ಒದ್ದೆಯಾಗುತ್ತೆ. ಇಳಿಯುವಾಗ ಕಾಲಿಗೆ ಕೆಲಸವಿಲ್ಲ, ಮೈ ಆರುತ್ತೆ, ಆ ಒದ್ದೆಯೇ ಮಂಜಾಗುತ್ತೆ. ನಮ್ಮಣ್ಣನ ಅಂಗಿ ಒಗೆಯೋಳು ನಾನೇ, ಬುದ್ಧಿ.”

ಮುದ್ರೆ ಒಡೆದ ದೊರೆಯ ಮೂಗಿನ ತುದಿ ಕೆಂಪಾಯಿತು. ಸಭೆಯಲ್ಲಿ ಯಾರೋ “ಭೇಷ್” ಎಂದುಬಿಟ್ಟು, ತಕ್ಷಣ ಕೆಮ್ಮಿದರು.

“ಮೂರನೆಯದು. ಚಳಿ ಮಿತಿ ಮೀರಿತು, ಸೈಕಲ್ ಹತ್ತಬೇಡ ಎಂದು ಹೇಳುವವರು ಇಬ್ಬರು. ಇಬ್ಬರಿಗೂ ಬಾಯಿಲ್ಲ. ಕೂಡಿದರೆ ಹೋಗು ಎಂದರ್ಥ, ಕೂಡದಿದ್ದರೆ ಬೇಡ ಎಂದರ್ಥ. ಯಾರು?” ಓದಿ ಮುಗಿಸಿ ದೊರೆ ಬೀಗಿದ. “ಹೇಳೋದು ನಾನು. ನನಗೆ ಬಾಯಿದೆ. ಸೋತೆ ಹೋಗೇ!”

ಚೌಡಿ ಸೊಂಟದ ಚೀಲದಿಂದ ಚಿಟಿಕೆ ರಾಗಿ ತೆಗೆದು ನೆಲದ ಮೇಲೆ ಉದುರಿಸಿದಳು. “ಅಣ್ಣಾ, ಬಾ. ಒಂದು ಕಾಳು ಎತ್ತು.”

ಕಾಳಿಂಗ ಬಂದು ಕುಕ್ಕರಗಾಲಲ್ಲಿ ಕೂತ. ಊದಿಕೊಂಡ ಬೆರಳುಗಳಿಂದ ಒಂದು ಸಲ ಎತ್ತಲು ಹೋದ, ಎರಡು ಸಲ ಹೋದ. ಕಾಳು ಉರುಳಿತು. ಮೂರನೆಯ ಸಲ ಅವನೇ ನಾಚಿ ಕೈ ಹಿಂದೆಗೆದ.

“ಹೆಬ್ಬೆರಳು, ತೋರುಬೆರಳು” ಎಂದಳು ಚೌಡಿ. “ಸವಾರರು ಬಾಗಿಲಲ್ಲಿ ದಿನಾ ಹೀಗೇ ನೋಡ್ಕೋತಾರೆ. ರಾಗಿ ಕಾಳು ಹಿಡಿಯದ ಬೆರಳು ಬ್ರೇಕ್ ಹಿಡಿಯಲ್ಲ. ಸತ್ತ ಇಬ್ಬರಿಗೂ ಆವತ್ತು ಕಾಳು ಎತ್ತೋಕೆ ಆಗಿರಲಿಲ್ಲ, ಬುದ್ಧಿ. ಆದರೂ ಹೊರಡಲಿ ಅಂತ ನಿಮ್ಮ ಅಪ್ಪಣೆ ಬಂತು.”

ದೊರೆ ಮುದ್ರೆ ಒಡೆಯಲು ತಡಮಾಡಿದ. ಪಕ್ಕದಲ್ಲಿದ್ದ ಮಂತ್ರಿಯೇ ಕಾಗದ ತೆಗೆದುಕೊಂಡು ಗಟ್ಟಿಯಾಗಿ ಓದಿದ. “ಹೆಬ್ಬೆರಳು ಮತ್ತು ತೋರುಬೆರಳು. ಸವಾರನವು. ಕಿಟಕಿಯಲ್ಲಿ ಕೂತವನವಲ್ಲ.”

ಸವಾರರನ್ನು ಹೊರಡಿಸುವ ಮಾತು ಇನ್ನು ಚೌಡಿಯದು; ಅದರ ಗುರುತಾಗಿ ಅಲ್ಲೇ ಕೊಟ್ಟರು. ಕೋಟೆ ಬಾಗಿಲಿನ ಬೀಗದ ಕೈ, ಬಾಗಿಲ ಪಕ್ಕದ ಹೆಂಚಿನ ಮನೆ. ಬೀಗದ ಕೈ ಸಿಕ್ಕ ಕೂಡಲೇ ಅವಳು ಹೊರಗೆ ಕೂಗಿ ಹೇಳಿದಳು: “ಪಂಡಿತರನ್ನೂ ಸಾಹುಕಾರರನ್ನೂ ಸೈಕಲ್ಲಿಂದ ಇಳಿಸ್ರಪ್ಪ. ಇವತ್ತು ಚಳಿ ಜಾಸ್ತಿ. ಯಾರೂ ಹೊರಡಲ್ಲ.”

ಸಭೆ ಕರಗಿತು. ಚೌಡಿ ಮೆಟ್ಟಿಲ ಮೇಲೆ ಕೂತು ಅಣ್ಣನ ಕೈಗಳನ್ನು ಸೆರಗಿನಲ್ಲಿ ಸುತ್ತಿ ಉಜ್ಜತೊಡಗಿದಳು. ಹಿಂದಿನಿಂದ ಮೂರು ಶಾಲು ಹೊದ್ದ ದೊರೆ ಮೆಲ್ಲಗೆ ಬಂದು ನಿಂತ. ಅವನ ಬಾಯಿಯಿಂದ ಹುಳಿತ ಹಾಲಿನ ವಾಸನೆ ಬರುತ್ತಿತ್ತು.

“ಚೌಡವ್ವಾ,” ಎಂದ. ಅವಳು ಉಜ್ಜುತ್ತಲೇ ಇದ್ದಳು. “ದೋಸೆ ಆಗಲೇ ಹುಯ್ದಿದ್ದಾರೆ ಕಣವ್ವ. ಬೆಣ್ಣೆ ಇಲ್ಲದೆ ಹೆಂಗೆ ತಿನ್ನಲಿ? ಒಬ್ಬನೇ ಒಬ್ಬನನ್ನು ಕಳಿಸವ್ವ, ನಿಧಾನಕ್ಕೆ ಹೋಗಿ ಬರಲಿ.”