ನೀಲಗಲ್ಲಿನ ಸೋಮವಾರದ ಪಾಠ

“ನನ್ನ ಅರಮನೆಯಲ್ಲಿ ತಿಳಿಯದವನು ಅಂತ ಒಬ್ಬನೂ ಉಳಿದಿಲ್ಲ,” ಎಂದು ನೀಲಗಲ್ಲಿನ ಸರ್ಜಪ್ಪನಾಯಕ ಮೀಸೆ ತಿರುವಿದ. “ಅಡುಗೆಯವನಿಂದ ಆನೆಯವನವರೆಗೆ ಎಲ್ಲರೂ ಕಲಿತವರೇ. ಎದೆ ನೋಡಿದರೆ ಗೊತ್ತಾಗುತ್ತದೆ.”

ಓಬಳಯ್ಯ ನೋಡಿದ. ನಾಯಕನ ಆಸ್ಥಾನದಲ್ಲಿ ಮಾತಿಗೆಂದೇ ಅನ್ನ ತಿನ್ನುತ್ತಿದ್ದ ವಿದೂಷಕ ಅವನು. ಒಬ್ಬೊಬ್ಬರ ಎದೆಯ ಮೇಲೂ ತಾಮ್ರದ ಬಿಲ್ಲೆಗಳು ತೂಗುತ್ತಿದ್ದವು. ಬಾಗಿಲು ಕಾಯುವವನಂತೂ ನಡೆದರೆ ಎತ್ತಿನಗಾಡಿ ಬಂದ ಹಾಗೆ ಸದ್ದಾಗುತ್ತಿತ್ತು.

ವರ್ಷದ ಹಿಂದೆ ನಾಯಕ ಅಪ್ಪಣೆ ಮಾಡಿದ್ದ: ಪ್ರತಿ ಸೋಮವಾರ ಪ್ರಧಾನಿ ಪುಟ್ಟರಸಯ್ಯ ಪಾಠ ಹೇಳಬೇಕು, ಅರಮನೆಯ ಚಾಕರಿಯವರೆಲ್ಲ ಕುಳಿತು ಕೇಳಬೇಕು. ಪ್ರಧಾನಿಗಳು ಅಡುಗೆಯವರಿಗೆ ಅಡುಗೆ ಹೇಳಿದರು, ಲಾಯದವರಿಗೆ ಕುದುರೆ ಹೇಳಿದರು. ಪಾಠ ಮುಗಿದ ಮೇಲೆ “ಅರ್ಥವಾಯಿತೇ?” ಎಂದು ಕೇಳುತ್ತಿದ್ದರು. “ಆಯಿತು” ಎಂದವನಿಗೆ ಬಿಲ್ಲೆ. “ಇಲ್ಲ” ಎಂದವನು ಬಿಸಿಲಲ್ಲಿ ಬೀಸುಕಲ್ಲು ಹೊತ್ತು ನಿಲ್ಲಬೇಕು. ಎರಡು ವಾರ ಬೀಸುಕಲ್ಲಿಗೆ ಕೆಲಸವಿತ್ತು. ಮೂರನೆಯ ವಾರದಿಂದ ನೀಲಗಲ್ಲಿನಲ್ಲಿ ಅರ್ಥವಾಗದ್ದು ಯಾವುದೂ ಇರಲಿಲ್ಲ.

ಹೋದ ಸೋಮವಾರ ಮಾತ್ರ ಒಂದು ಎಡವಟ್ಟಾಗಿತ್ತು. ಅಂದಿನ ಪಾಠ ಕೆರೆಯದು. ಊರಿನ ಮೇಲುಗಡೆಯೇ ದೊಡ್ಡ ಕೆರೆ. ಪುಟ್ಟರಸಯ್ಯನವರು ಅದರ ಏರಿ ಹತ್ತಿದವರಲ್ಲ. ಆದರೂ ಕಣ್ಣು ಮುಚ್ಚಿಕೊಂಡು ಹೇಳಿದರು: “ತೂಬನ್ನು ಸಕಾಲದಲ್ಲಿ, ಸಮಚಿತ್ತದಿಂದ, ಸಮಗ್ರ ದೃಷ್ಟಿಯಿಂದ ಎತ್ತಬೇಕು. ಅರ್ಥವಾಯಿತೇ?”

“ಆಯಿತು!” ಎಂದಿತು ಸಭೆ.

ಹಿಂದಿನ ಸಾಲಿನಲ್ಲಿ ನೀರಗಂಟಿ ಸಣ್ಣಕರಿಯ ಎದ್ದು ನಿಂತ. ಮೂವತ್ತು ವರ್ಷದಿಂದ ಆ ಕೆರೆಯ ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಬಿಡುತ್ತಿದ್ದವನು. “ಬುದ್ಧಿ, ಸಕಾಲ ಅಂದರೆ ಎಷ್ಟು ಮೊಳ ನೀರು ಬಂದಾಗ? ನನಗೆ ತಿಳಿಯಲಿಲ್ಲ.”

ಪ್ರಧಾನಿಗಳ ಮುಖ ಕೆಂಪಾಯಿತು. ಬೀಸುಕಲ್ಲು ಸಾಲದೆಂದು ತೀರ್ಮಾನವಾಯಿತು. ಒಂದು ವಾರದೊಳಗೆ ಕೆರೆ ಬಿಟ್ಟುಕೊಟ್ಟು ಕರಿಯ ಊರಾಚೆ ಹೋಗಬೇಕು. ಅವನ ಜಾಗಕ್ಕೆ ಪ್ರಧಾನಿಗಳ ಭಾವಮೈದ ವಿರುಪಣ್ಣ. ವಿರುಪಣ್ಣನ ಎದೆಯ ಮೇಲೆ ಐವತ್ತು ಬಿಲ್ಲೆ. ಈಜು ಬಾರದು.

ಓಬಳಯ್ಯ ಏರಿಯ ಮೇಲೆ ಹೋಗಿ ನೋಡಿದಾಗ ಕರಿಯ ತನ್ನ ಗುಡಿಸಲ ಗಳಗಳನ್ನು ಬಿಚ್ಚುತ್ತಿದ್ದ. ಕೆರೆ ಅಂಚಿನವರೆಗೆ ತುಂಬಿತ್ತು.

“ಸುಮ್ಮನೆ ಆಯಿತು ಅನ್ನಬಾರದಿತ್ತೇ?” ಎಂದ ಓಬಳಯ್ಯ.

“ಅನ್ನಬಹುದಿತ್ತು ಸ್ವಾಮಿ. ಆದರೆ ನೀರಿಗೆ ಹಾಗೆ ಹೇಳಿ ಒಪ್ಪಿಸೋಕೆ ಆಗಲ್ಲ.”

ಓಬಳಯ್ಯ ನೀರು ನೋಡಿದ, ಕೆಳಗಿದ್ದ ಅರಮನೆ ನೋಡಿದ, ತನ್ನ ಮನೆಯನ್ನೂ ನೋಡಿಕೊಂಡ. ನೇರ ನಾಯಕನ ಬಳಿಗೆ ಬಂದು ಕೈಮುಗಿದ. “ಪ್ರಭು, ಮುಂದಿನ ಸೋಮವಾರದ ಪಾಠ ನನಗೆ ಕೊಡಿಸಿ. ವಿರುಪಣ್ಣನವರು ಹೊಸದಾಗಿ ಕೆರೆಗೆ ಹೋಗುತ್ತಿದ್ದಾರೆ. ನಾಲ್ಕು ಮಾತು ಹೇಳಿ ಕಳಿಸೋಣ. ತಾವೂ ದಯಮಾಡಿಸಬೇಕು.”

ಸೋಮವಾರ ಚಾವಡಿ ತುಂಬಿತು. ಒಂದು ವರ್ಷದಲ್ಲಿ ನಾಯಕ ಪಾಠಕ್ಕೆ ಬಂದದ್ದು ಅದೇ ಮೊದಲು.

ಓಬಳಯ್ಯ ಗಂಟಲು ಸರಿಮಾಡಿಕೊಂಡು ಪ್ರಧಾನಿಗಳ ಧಾಟಿಯಲ್ಲೇ ಶುರುಮಾಡಿದ. “ಏರಿಯಲ್ಲಿ ಬಿರುಕು ಕಂಡರೆ ಹಾರೆ ತಂದು ಅದನ್ನು ಅಗಲ ಮಾಡತಕ್ಕದ್ದು. ಇಕ್ಕಟ್ಟಿನಲ್ಲಿ ನೀರಿಗೆ ಉಸಿರು ಕಟ್ಟುತ್ತದೆ. ಅರ್ಥವಾಯಿತೇ?”

“ಆಯಿತು!”

“ಮಳೆ ಜೋರಾದಾಗ ತೂಬು ಮುಚ್ಚಿ, ಕೋಡಿಗೂ ಕಲ್ಲು ಕಟ್ಟಿ, ನೀರಗಂಟಿಯಾದವನು ಮನೆಗೆ ಹೋಗಿ ಮಲಗತಕ್ಕದ್ದು. ಕೆರೆಗೂ ಏಕಾಂತ ಬೇಕು.”

“ಆಯಿತು!” ಎಂದ ವಿರುಪಣ್ಣ ಎಲ್ಲರಿಗಿಂತ ಮುಂಚೆ. ಪುಟ್ಟರಸಯ್ಯನವರು ತಲೆದೂಗಿದರು. “ಒಳ್ಳೆಯ ವಿಚಾರ. ನಾನೂ ಇದನ್ನೇ ಹೇಳುವವನಿದ್ದೆ.”

“ಕಡೆಯದಾಗಿ, ಕೆರೆಯ ಕಡೆಗಿರುವ ಅರಮನೆಯ ಬಾಗಿಲನ್ನು ಮಳೆಗಾಲವಿಡೀ ತೆರೆದಿಡತಕ್ಕದ್ದು. ಬಂದ ನೀರು ಬಾಗಿಲಲ್ಲೇ ನಿಂತರೆ ನಾಯಕರಿಗೆ ಅಗೌರವ. ಎಲ್ಲರಿಗೂ ಅರ್ಥವಾಯಿತೇ?”

“ಆಯಿತು!” ಅಷ್ಟು ಜನರ ದನಿಯೊಳಗೆ ಒಂದು ದಪ್ಪ ದನಿ ಗಾದಿಯ ಮೇಲಿನಿಂದಲೂ ಬಂತು.

ಆಗ ಹಿಂದಿನ ಸಾಲಿನಲ್ಲಿ ಸಣ್ಣಕರಿಯ ಎದ್ದ. ಗಂಟುಮೂಟೆ ಅವನ ಪಕ್ಕದಲ್ಲೇ ಇತ್ತು. “ತಪ್ಪಾಯಿತು ಬುದ್ಧಿ, ನನಗೆ ಇವತ್ತೂ ತಿಳಿಯಲಿಲ್ಲ. ಬಿರುಕು ಅಗಲ ಮಾಡಿದರೆ ಏರಿ ಒಡೆಯುತ್ತಲ್ಲ? ಬಾಗಿಲು ಬೇರೆ ತೆಗೆದಿದ್ದರೆ ನಾಯಕರು ಮಂಚದ ಸಮೇತ ಗದ್ದೆಗೆ ಹೋಗ್ತಾರಲ್ಲ?”

ಚಾವಡಿಯಲ್ಲಿ ಒಂದು ಬಿಲ್ಲೆಯೂ ಅಲುಗಲಿಲ್ಲ.

ನಾಯಕ ಮೆಲ್ಲನೆ ವಿರುಪಣ್ಣನ ಕಡೆ ತಿರುಗಿದ. “ನೀನು ಎಲ್ಲರಿಗಿಂತ ಮುಂಚೆ ಆಯಿತು ಎಂದೆ. ಏನಯ್ಯಾ ಅರ್ಥವಾಗಿದ್ದು?”

ವಿರುಪಣ್ಣ ಕೈಮುಗಿದ. “ಆಯಿತು ಅನ್ನಬೇಕು ಅನ್ನೋದು ಅರ್ಥವಾಯಿತು, ಪ್ರಭು.”

“ಪ್ರಧಾನಿಗಳೇ, ನೀವು?”

ಪುಟ್ಟರಸಯ್ಯನವರು ತಮ್ಮ ಶಾಲಿನ ಅಂಚನ್ನು ಪರೀಕ್ಷಿಸತೊಡಗಿದರು.

“ಒಂದು ವರ್ಷ!” ನಾಯಕ ಗುಡುಗಿದ. “ಒಂದು ವರ್ಷ ಇವರೆಲ್ಲ ಏನು ಕಲಿತರು ಓಬಳಯ್ಯ?”

“ಒಂದೇ ಒಂದು ಮಾತು ಪ್ರಭು. ಆದರೆ ಚೆನ್ನಾಗಿ ಕಲಿತಿದ್ದಾರೆ. ತಾವಂತೂ ಮೊದಲನೆಯ ದಿನವೇ ಒಪ್ಪಿಸಿಬಿಟ್ಟಿರಿ.”

ನಾಯಕನ ಕೈ ಕತ್ತಿಯ ಹಿಡಿಯ ತನಕ ಹೋಗಿ ನಿಂತಿತು. ಹಿಂದೆ ನಿಂತಿದ್ದ ಕರಿಯನ ಕಡೆ ಅವನು ತಿರುಗಿದ.

“ಅಂದರೆ, ನನ್ನ ಇಡೀ ಅರಮನೆಯಲ್ಲಿ ಪಾಠವನ್ನು ಕಿವಿಗೊಟ್ಟು ಕೇಳುವವನು ಇವನೊಬ್ಬನೇ ಎನ್ನು.”

“ಹೌದು ಪ್ರಭು,” ಎಂದ ಓಬಳಯ್ಯ. “ಅದಕ್ಕೇ ಅಲ್ಲವೇ ಇವತ್ತು ಅವನನ್ನು ಊರು ಬಿಡಿಸುತ್ತಿರುವುದು!”

ನಾಯಕ ಮೊದಲು ಹುಬ್ಬು ಗಂಟಿಕ್ಕಿದ. ಆಮೇಲೆ ಅವನ ಹೊಟ್ಟೆ ಕುಲುಕತೊಡಗಿತು. ಅವನು ನಗುತ್ತಿರುವುದು ಖಚಿತವಾದ ಮೇಲೆ ಸಭೆಯೂ ನಕ್ಕಿತು.

“ಕರಿಯಾ, ಗಂಟು ಬಿಚ್ಚು. ಗುಡಿಸಲನ್ನು ನನ್ನ ಆಳುಗಳು ಕಟ್ಟಿಕೊಡುತ್ತಾರೆ,” ಎಂದ ನಾಯಕ ತನ್ನ ಶಾಲು ತೆಗೆದು ಓಬಳಯ್ಯನಿಗೆ ಹೊದಿಸುತ್ತ. “ಮುಂದಿನ ಸೋಮವಾರ ಏರಿಯ ಮೇಲೆ ನೀನೇ ಪಾಠ ಹೇಳು, ಕರಿಯಾ. ಪ್ರಧಾನಿಗಳು ಮುಂದಿನ ಸಾಲಿನಲ್ಲಿ ಕೂರುತ್ತಾರೆ.”

“ನಾನೇ?” ಪುಟ್ಟರಸಯ್ಯನವರ ದನಿ ಕೀರಲಾಯಿತು. “ಪ್ರಭು, ನಾನು ಕಲಿಸುವವನು! ಈ ವಯಸ್ಸಿನಲ್ಲಿ, ಎಲ್ಲರ ಎದುರಿಗೆ, ಕೆಸರಿನಲ್ಲಿ...”

“ನನ್ನ ಪಕ್ಕದಲ್ಲೇ ಕೂತುಕೊಳ್ಳಿ ಪ್ರಧಾನಿಗಳೇ,” ಎಂದ ನಾಯಕ. “ಒಬ್ಬನೇ ದಡ್ಡನಾಗಿ ಕೂರಲು ನನಗೂ ನಾಚಿಕೆ.”