ಬೀದಿ ಬಾಗಿಲು, ಹಿತ್ತಿಲ ಬಾಗಿಲು

"ಗುರುಗಳೇ, ನನ್ನ ಜೊತೆಗಿರುವವರೆಲ್ಲ ಯಾಕೆ ಕೆಟ್ಟುಹೋಗುತ್ತಾರೆ?" ಎಂದು ಶಿಷ್ಯ ಮರಿದೇವ ಕೇಳಿದ.

ಮಠದಲ್ಲಿ ಅವನ ಕೋಣೆಗೆ ಬಂದ ಮೊದಲ ಜೊತೆಗಾರ ಬಲು ಸೌಮ್ಯ. ಮಳೆಗಾಲ ಮುಗಿಯುವುದರೊಳಗೆ ಸಿಡುಕನಾಗಿ ಊರು ಸೇರಿದ. ಈಗಿನವನು ಬಂದಾಗ ನಗುಮುಖದವನು. ಇವತ್ತು ಬೆಳಗಿನ ಜಾವ ಮರಿದೇವನ ಮೇಲೆ ತಲೆದಿಂಬು ಎಸೆದಿದ್ದ.

"ನಾನು ಕೋಳಿ ಕೂಗುವ ಮೊದಲೇ ಎದ್ದು ಜಪಕ್ಕೆ ಕೂರುವವನು. ಒಂದು ದಿನವೂ ತಪ್ಪಿಸಿಲ್ಲ. ಇಂಥವನ ಜೊತೆ ಹೇಗಿರಲಿ? ಅವನನ್ನು ಕಳಿಸಿಬಿಡಿ, ಬೇರೆ ಯಾರನ್ನಾದರೂ ಕೊಡಿ."

ಆ ಜೊತೆಗಾರ ಆಗಲೇ ಗಂಟು ಕಟ್ಟಿಕೊಂಡು ಹೊರಗೆ ಜಗಲಿಯ ಮೇಲೆ ಕೂತಿದ್ದ. ಗುರುಗಳು ಅತ್ತ ಒಮ್ಮೆ ನೋಡಿದರು. ಮರಿದೇವನಿಗೆ ಕೂರಲು ಹೇಳಿ ಕತೆ ತೆಗೆದರು.

ಒಂದೂರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಅವನ ಹೆಂಡತಿ ಹೊಸ್ತಿಲ ಪೂಜೆಗೆ ಹೆಸರಾದವಳು. ಅವಳ ಅತ್ತೆ ತಾನಿದ್ದ ಕಾಲದಲ್ಲಿ ಹಿಂಡಿದ ಬಟ್ಟೆಯಿಂದ ಹೊಸ್ತಿಲು ಒರೆಸಿ, ಅರಿಸಿನ ಕುಂಕುಮ ಇಟ್ಟು ಒಳಗೆ ಹೋಗುತ್ತಿದ್ದಳು. ಸೊಸೆಯ ಕಣ್ಣಿಗೆ ಅದು ಸೋಮಾರಿತನ. ಮನೆಯ ಯಜಮಾನಿಕೆ ಕೈಗೆ ಬಂದದ್ದೇ ತಡ, ಅವಳು ದಿನವೂ ಹೊರಗಿನಿಂದ ಬಾಗಿಲು ಎಳೆದುಕೊಂಡು ಬಾಗಿಲಿಗೂ ಹೊಸ್ತಿಲಿಗೂ ಸೇರಿಸಿ ತುಂಬಿದ ಕೊಡ ಸುರಿಯತೊಡಗಿದಳು. ಬೀದಿಯ ಅತ್ತೆಯಂದಿರು ತಮ್ಮ ಸೊಸೆಯರನ್ನು ಕರೆತಂದು, "ನೋಡಿ ಕಲಿಯಿರಿ" ಎನ್ನುತ್ತಿದ್ದರು. ಸೊಸೆಯರು ಅವಳಿಗೆ ಮನಸ್ಸಿನಲ್ಲೇ ಶಾಪ ಹಾಕಿ ಕಲಿಯುತ್ತಿದ್ದರು.

ಕೆಲವು ವರ್ಷಗಳಲ್ಲಿ ಬೀದಿ ಬಾಗಿಲಿನ ಬುಡ ಕೊಳೆಯಿತು. ಬಡಗಿ ಹೊನ್ನೆ ಮರದ ಹೊಸ ಬಾಗಿಲು ಮಾಡಿಕೊಟ್ಟ. ಹಿತ್ತಿಲ ಬಾಗಿಲೂ ಹಳೆಯದಾಗಿದ್ದರಿಂದ ಅದೇ ದಿಮ್ಮಿಯಲ್ಲಿ ಅದನ್ನೂ ಮಾಡಿದ. ಮತ್ತೆ ಬೀದಿ ಬಾಗಿಲು ಕೊಳೆಯಿತು. ತೇಗದ್ದು ಬಂತು. ಅದೂ ಬುಡದಿಂದ ಮೆತ್ತಗಾಯಿತು. ಬಾಗಿಲು ಹಾಕುವುದೆಂದರೆ ವ್ಯಾಪಾರಿ ಭುಜ ಕೊಟ್ಟು ನೂಕಬೇಕು. ತೆಗೆಯುವುದೆಂದರೆ ದೇವರ ಹೆಸರು ಹೇಳಿ ಎಳೆಯಬೇಕು.

ವ್ಯಾಪಾರಿಗೆ ಸಿಟ್ಟು ನೆತ್ತಿಗೇರಿತು. ಬೆಲ್ಲ ಕೊಳ್ಳಲು ಬಂದವರಿಗೆಲ್ಲ, "ಆ ಬಡಗಿ ಹಸಿ ಮರ ಕೊಟ್ಟು ನನಗೆ ಟೋಪಿ ಹಾಕಿದ" ಎಂದು ತೂಕದ ಮೇಲೆ ಕೊಸರು ಕೊಡುವಂತೆ ಹೇಳಿ ಕಳಿಸಿದ. ಊರಿನಲ್ಲಿ ಬೆಲ್ಲ ಬೇಡದ ಮನೆ ಯಾವುದು? ಬಡಗಿಯನ್ನು ಕರೆಯುವವರೇ ಇಲ್ಲವಾದರು. ಅವನು ಮಾವನ ಊರಿಗೆ ಹೊರಡಲು ಸಾಮಾನು ಕಟ್ಟಿದ. ಹೋಗುವ ಮುಂಚೆ ವ್ಯಾಪಾರಿಯ ಮನೆಗೆ ಬಂದ.

"ಅಮ್ಮಾ, ಬೀದಿ ಬಾಗಿಲಿಗೆ ಏನಾಯಿತೋ ನನಗೆ ತಿಳಿಯಲಿಲ್ಲ. ಹಿತ್ತಿಲ ಬಾಗಿಲೂ ನನ್ನ ಕೈಯದೇ. ಅದನ್ನಾದರೂ ಬೈಯಬೇಡಿ ಅಂತ ಸಾಹುಕಾರರಿಗೆ ಹೇಳಿ" ಎಂದು ಕೈಮುಗಿದು ಹೋದ.

ಅವಳಿಗೆ ನಗು ಬಂತು. ಹಿತ್ತಿಲ ಬಾಗಿಲನ್ನು ಬೈಯುವುದಿರಲಿ, ಅದೊಂದು ಇದೆಯೆಂದೇ ಯಾರಿಗೂ ನೆನಪಿರಲಿಲ್ಲ. ಎದ್ದು ಹೋಗಿ ನೋಡಿದಳು. ಅದಕ್ಕೆ ಪೂಜೆಯಿಲ್ಲ, ರಂಗೋಲಿಯಿಲ್ಲ; ಪೊರಕೆ ಒರಗಿಸಿತ್ತು. ಬುಡಕ್ಕೆ ಉಗುರು ಒತ್ತಿದಳು. ಉಗುರು ನೊಂದಿತು. ಬೀದಿ ಬಾಗಿಲಿಗೆ ಬಂದು ಒತ್ತಿದಳು. ಬೆರಳೇ ಒಳಗೆ ಹೋಯಿತು. ಅವಳು ಬೆರಳನ್ನು ಮೂಗಿನ ಹತ್ತಿರ ಹಿಡಿದಳು. ನೀರಿನ ಮುಗ್ಗಲು ವಾಸನೆ. ಅದರಲ್ಲಿ ಅರಿಸಿನದ ವಾಸನೆಯೂ ಇತ್ತು.

ಆ ಹೊತ್ತಿನಿಂದ ಅವಳಿಗೆ ಊಟ ಸೇರಲಿಲ್ಲ. ಹೇಳಿದರೆ ಬೀದಿಯಲ್ಲಿ ಗಳಿಸಿದ ಹೆಸರು ಹೋಗುತ್ತದೆ. ಹೇಳದಿದ್ದರೆ ಬಡಗಿ ಊರು ಬಿಟ್ಟು ಹೋಗುತ್ತಾನೆ.

ಮರುದಿನ ಬೆಳಿಗ್ಗೆ ಅವಳು ಕೊಡ ತರಲಿಲ್ಲ. ಅತ್ತೆಯ ಹಾಗೆ ಹಿಂಡಿದ ಬಟ್ಟೆ ತಂದು ಹೊಸ್ತಿಲು ಒರೆಸಿದಳು. ಎದುರು ಮನೆಯಾಕೆ, "ಏನ್ರೀ, ಮೈಗೆ ಹುಷಾರಿಲ್ಲವೇ?" ಎಂದಳು.

"ನನಗೇನೂ ಆಗಿಲ್ಲ. ಬಾಗಿಲನ್ನು ಕೊಳೆಸಿದವಳು ನಾನೇ. ಬಡಗಿಯದು ತಪ್ಪಿಲ್ಲ" ಎಂದು ಅವಳು ಇಡೀ ಬೀದಿಗೆ ಕೇಳುವಂತೆ ಹೇಳಿದಳು.

ಬಾಗಿಲು ಕೊಳೆಯಲಾದರೂ ವರ್ಷಗಳು ಹಿಡಿದಿದ್ದವು. ಈ ಮಾತಿಗೆ ಊರು ಸುತ್ತಲು ಮಧ್ಯಾಹ್ನ ಸಾಕಾಯಿತು. ಬಡಗಿ ಗಾಡಿಯಿಂದ ಸಾಮಾನು ಇಳಿಸಿದ. ಬಾಗಿಲಿನ ಕೊಳೆತ ಬುಡವನ್ನಷ್ಟೇ ಕೊಯ್ದು ಹೊಸ ಹಲಗೆ ಜೋಡಿಸಿದ. ಅದು ಮುಂದೆ ವ್ಯಾಪಾರಿಯ ಮೊಮ್ಮಕ್ಕಳ ಕಾಲಕ್ಕೂ ನಿಂತಿತು. ವ್ಯಾಪಾರಿ ಮಾತ್ರ ಕೊನೆಯವರೆಗೂ, "ಈ ಸಲ ಬಡಗಿ ಮರವನ್ನು ಚೆನ್ನಾಗಿ ಒಣಗಿಸಿದ್ದ" ಎನ್ನುತ್ತಿದ್ದ.

ಕತೆ ಮುಗಿಯಿತು. ಮರಿದೇವ ತಲೆಯಾಡಿಸಿದ.

"ಒಳ್ಳೆಯ ಹೆಂಗಸು, ಗುರುಗಳೇ. ಆದರೂ ದಿನಾ ನೀರು ಸುರಿಯುವವಳಿಗೆ ಅಷ್ಟು ಹೊಳೆಯಬಾರದಿತ್ತೇ?"

ಗುರುಗಳು ಜಗಲಿಯತ್ತ ನೋಡುತ್ತ ಕೇಳಿದರು: "ನಿನ್ನ ಜಪ ಪಕ್ಕದ ಚಾಪೆಗೆ ಕೇಳಿಸುತ್ತದೆಯೇ?"

ಮರಿದೇವ ಎದ್ದು ಜಗಲಿಗೆ ಹೋಗಿ ಜೊತೆಗಾರನ ಗಂಟನ್ನು ಎತ್ತಿಕೊಂಡು ಒಳಗೆ ಬಂದ.